ಗೌಂಡಿ ಮೌಲಪ್ಪ ಮುಚ್ಚಿದ ಹಳ್ಳ

ಕೂಡ್ರಿ, ಹೇಳುತ್ತೇನೆ. ನನ್ನಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದಳಂತೆ, ಅಷ್ಟು ಹಿಂದಿನ ಮಾತು. ಎರೆಭೂಮಿಯ ನಡುವೆ ಒಂದು ಊರು. ಆ ಊರಿನಲ್ಲಿ ಮೌಲಪ್ಪ ಅಂತ ಒಬ್ಬ ಗೌಂಡಿ. ಕಲ್ಲು ಮಣ್ಣಿನಲ್ಲಿ ಮನೆ ಕಟ್ಟುವುದು ಅವನ ಕಸುಬು.

ಮನೆ ಕಟ್ಟಿಕೊಡು ಅಂತ ಯಾರಾದರೂ ಕರೆದರೆ ಮೌಲಪ್ಪ ಮೊದಲ ದಿನ ಹಗ್ಗ ಹಿಡಿದು ಅಳೆಯುತ್ತಿರಲಿಲ್ಲವಂತೆ. ಬರಿಗೈಯಲ್ಲಿ ಹೋಗಿ, ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಆ ಜಾಗದಲ್ಲಿ ಸುಮ್ಮನೆ ಕೂತಿರುತ್ತಿದ್ದನಂತೆ. ಗಾಳಿ ಎತ್ತಲಿಂದ ಬರುತ್ತದೆ, ಬಿಸಿಲು ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಎಮ್ಮೆ ತಾನಾಗಿ ಎಲ್ಲಿ ಹೋಗಿ ಮಲಗುತ್ತದೆ, ಅದನ್ನೆಲ್ಲ ನೋಡಿದ ಮೇಲೆಯೇ ಬುನಾದಿ. ಅವನು ಕಟ್ಟಿದ ಮನೆಯಲ್ಲಿ ಕಡುಬೇಸಿಗೆಗೂ ಬೀಸಣಿಗೆ ಬೇಡವಾಗಿತ್ತು ಅನ್ನುತ್ತಾರೆ. ಅವನಿನ್ನೂ ಮಾಳಿಗೆ ಹಾಕುವ ಮೊದಲೇ ಗುಬ್ಬಿಗಳು ಬಂದು ಜಾಗ ಹಿಡಿಯುತ್ತಿದ್ದವು ಅಂತಲೂ ಅನ್ನುತ್ತಾರೆ. ನಾನು ಕಂಡಿಲ್ಲ, ಕೇಳಿದ್ದು.

ಒಮ್ಮೆ ಊರ ಗೌಡರು ಮನೆ ಕಟ್ಟಿಸಿದರು. ಜಾಗದ ನಟ್ಟನಡುವೆ ಬೇವಿನ ಮರ. ಕಡಿದು ಹಾಕು ಅಂದರು. ಮೌಲಪ್ಪ ಕಡಿಯಲಿಲ್ಲ, ಮರವನ್ನು ಪಡಸಾಲೆಯೊಳಗೇ ಇಟ್ಟು ಕಟ್ಟಿದ. ಕಾಂಡ ಮಾಳಿಗೆ ದಾಟುವ ಕಡೆ ಸುತ್ತಲೂ ಮೊಳದಗಲ ತೆರವು ಬಿಟ್ಟ. ಇಷ್ಟು ಯಾಕೆ ಬಿಟ್ಟೆ ಅಂತ ಗೌಡರು ಸಿಟ್ಟಾದರು.

"ಮರ ಬೆಳೀತದರೀ ಗೌಡ್ರ, ಮನಿ ಬೆಳೆಯಂಗಿಲ್ಲ. ಸರಕೊಳ್ಳೂದು ಮನೀನ ಆಗಬೇಕು" ಅಂದನಂತೆ ಮೌಲಪ್ಪ.

ಇಂಥವನು ಒಂದು ತಪ್ಪು ಮಾಡಿದ.

ಊರ ಕೆಳಗೇರಿಯಲ್ಲಿ ಒಂದು ಸಣ್ಣ ಹಳ್ಳ. ವರ್ಷದಲ್ಲಿ ಹತ್ತು ತಿಂಗಳು ಒಣಗಿಯೇ ಇರುತ್ತಿತ್ತು. ಈ ದಡದಲ್ಲಿ ಕುಂಬಾರ ದ್ಯಾವಪ್ಪನ ಮನೆ, ಆ ದಡದಲ್ಲಿ ಮೌಲಪ್ಪನ ತಂಗಿ ಹುಲಿಗೆವ್ವನ ಗುಡಿಸಲು. ಹುಲಿಗೆವ್ವನಿಗೆ ಮೂವರು ಗಂಡುಮಕ್ಕಳು. ಇಬ್ಬರು ಸೊಸೆಯರು ಬಂದಾಗಿತ್ತು, ಮೂರನೆಯವಳು ಬರುವವಳಿದ್ದಳು. ಕಾಲು ಚಾಚಲು ಜಾಗವಿಲ್ಲ. ಹಳ್ಳಕ್ಕೆ ಕಲ್ಲು ತುಂಬಿ ಅದರ ಮೇಲೆ ಮನೆ ಕಟ್ಟಿಕೊಡು ಅಂತ ಅಣ್ಣನ ಬೆನ್ನು ಹತ್ತಿದಳು. ಎರಡು ವರ್ಷ ಅವನು ಒಲ್ಲೆ ಅಂದ. ಮೂರನೆಯ ವರ್ಷ ಅವಳು ಅಂಗಳದಲ್ಲಿ ಕೂತು ಅತ್ತಳು.

"ಊರ ಮಂದಿಗೆಲ್ಲ ಮನಿ ಕಟ್ಟಿದಿ ಯಣ್ಣಾ. ಒಡಹುಟ್ಟಿದಾಕಿ ಮಾತ್ರ ಗುಡಸಲದಾಗ ಸಾಯಬೇಕೇನು?"

ಆ ಮಾತಿಗೆ ಮೌಲಪ್ಪ ಸೋತ. ಆ ಜಾಗದಲ್ಲಿ ಮಾತ್ರ ಅವನು ಒಂದು ಗಳಿಗೆಯೂ ಕೂರಲಿಲ್ಲವಂತೆ. ಕೂತರೆ ಕೈ ಏಳುವುದಿಲ್ಲ ಅಂತ ಗೊತ್ತಿತ್ತಂತೆ. ಹಳ್ಳ ತುಂಬಿದ, ಗೋಡೆ ಎಬ್ಬಿಸಿದ. ಅವನು ಕಟ್ಟಿದ್ದರಲ್ಲೆಲ್ಲ ಅದೇ ಚೆಂದದ ಮನೆ ಅನ್ನುತ್ತಾರೆ. ಎರಡು ಮಳೆಗಾಲ ಮಳೆ ಸಣ್ಣದು, ಏನೂ ಆಗಲಿಲ್ಲ.

ಮೂರನೆಯ ಮಳೆಗಾಲದ ಒಂದು ಮಧ್ಯಾಹ್ನ ಮೇಲಿನ ಹೊಲಗಳಿಂದ ಕರಿನೀರು ಇಳಿದು ಬಂತು. ಹುಲಿಗೆವ್ವನ ಗೋಡೆಗೆ ಬಡಿಯಿತು. ಮೌಲಪ್ಪ ಕಟ್ಟಿದ ಗೋಡೆ, ಅಲುಗಲಿಲ್ಲ. ನೀರು ಹೊರಳಿ ಕುಂಬಾರನ ಮನೆಗೆ ನುಗ್ಗಿತು. ದ್ಯಾವಪ್ಪ ಪರವೂರಿಗೆ ಗಡಿಗೆ ಮಾರಲು ಹೋಗಿದ್ದ. ಅವನ ಹೆಂಡತಿ ಯಮನವ್ವ ಹೊರಗೆ ಓಡಿ ಬಂದಿದ್ದಳು, ಬಂದವಳು ಸುಡದ ಹಸಿ ಗಡಿಗೆಗಳು ಕರಗಿ ಹೋಗುತ್ತವೆ ಅಂತ ಎತ್ತಿಡಲು ಮತ್ತೆ ಒಳಗೆ ಹೋದಳು. ನೆನೆದ ಗೋಡೆ ಅವಳ ಮೇಲೆ ಕುಸಿಯಿತು.

ದ್ಯಾವಪ್ಪ ಒಂದು ಬೈಗುಳವನ್ನೂ ಆಡಲಿಲ್ಲವಂತೆ. ಹೆಂಡತಿಯನ್ನು ಮಣ್ಣು ಮಾಡಿ ಬಂದವನು ಮೌಲಪ್ಪನ ಮುಂದೆ ನಿಂತ.

"ನಿನಗ ಗೊತ್ತಿತ್ತಲ್ಲೋ ಮೌಲಪ್ಪ" ಅಂದನಂತೆ. ಅಷ್ಟೇ.

ಮರುದಿನ ಬೆಳಿಗ್ಗೆ ಮೌಲಪ್ಪ ಹಾರೆ ಹಿಡಿದು ತಂಗಿಯ ಮನೆಗೆ ಹೋದ. ಹುಲಿಗೆವ್ವ ಬಾಗಿಲಿಗೆ ಅಡ್ಡ ನಿಂತಳು. ಇದನ್ನು ಕೆಡವಿದರೆ ಇವತ್ತಿನಿಂದ ನನಗೆ ಅಣ್ಣನಿಲ್ಲ ಅಂದಳು. ಅವನು ಹಾರೆ ಎತ್ತಿದನಂತೆ.

"ಸರದು ನಿಲ್ಲವ್ವ, ಕಲ್ಲು ಬೀಳ್ತಾವ" ಅಂದನಂತೆ.

ಹನ್ನೊಂದು ದಿನ ಒಬ್ಬನೇ ಕೆಡವಿದ. ಹಳ್ಳದೊಳಗಿನ ಕೊನೆಯ ಕಲ್ಲನ್ನೂ ಎತ್ತಿ ಹಾಕಿದ. ಅದೇ ಕಲ್ಲಿನಲ್ಲಿ ಮೇಲುಗೇರಿಯಲ್ಲಿ ತಂಗಿಗೆ ಬೇರೆ ಮನೆ ಕಟ್ಟಿ, ಗಾರೆಯ ಕರಣೆಯನ್ನು ಕೆಳಗಿಟ್ಟ. ಮತ್ತೆ ಮುಟ್ಟಲಿಲ್ಲ. ಹುಲಿಗೆವ್ವ ಆ ಮನೆಯಲ್ಲಿ ಬಾಳಿದಳು, ಅಣ್ಣನ ಹೆಸರೆತ್ತಲಿಲ್ಲ. ಪ್ರತಿ ನಾಗರಪಂಚಮಿಗೂ ಮೌಲಪ್ಪ ಕುಪ್ಪಸದ ಕಣ ಹಿಡಿದು ತಂಗಿಯನ್ನು ಹಬ್ಬಕ್ಕೆ ತವರಿಗೆ ಕರೆಯಲು ಹೋಗುತ್ತಿದ್ದನಂತೆ. ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳಂತೆ. ಒಂಬತ್ತು ಪಂಚಮಿ ಹೀಗೇ ಹೋದವು.

ಅವನು ಸತ್ತ ದಿನ ಅವಳು ಓಡಿ ಬಂದಳು. ಹೆಣದ ತಲೆಯ ಹತ್ತಿರ ಕೂತು "ಯಣ್ಣಾ, ಯಣ್ಣಾ" ಅಂತ ಸಂಜೆಯ ತನಕ ಕರೆದಳಂತೆ. ಆಗ ಕರೆದು ಏನು ಬಂತು?

ಈಗಲೂ ಆ ಊರಿನಲ್ಲಿ ಕಾರಹುಣ್ಣಿಮೆಯ ಮುನ್ನಾದಿನ ಮಂದಿಯೆಲ್ಲ ಸಲಿಕೆ, ಬುಟ್ಟಿ ಹಿಡಿದು ಹಳ್ಳಕ್ಕೆ ಇಳಿಯುತ್ತಾರೆ, ಹೂಳು ತೆಗೆಯಲು. ಮೊದಲ ಬುಟ್ಟಿ ತುಂಬುವವನು ಕುಂಬಾರರ ಮನೆಯವನು, ಹೊರುವವಳು ಹುಲಿಗೆವ್ವನ ಮನೆತನದ ಹೆಣ್ಣುಮಗಳು. ದಡದ ಮೇಲೆ ಹೂಳು ಸುರಿದು ಅವಳು ಗಟ್ಟಿಯಾಗಿ ಕೂಗುತ್ತಾಳೆ: "ಯಣ್ಣಾ, ದಾರಿ ಬಿಟ್ಟೇವಿ ನೋಡೋ!"

ಓ ಅನ್ನುವವರು ಯಾರೂ ಇಲ್ಲ. ಆದರೂ ಎಲ್ಲರೂ ಒಂದು ಗಳಿಗೆ ಕಿವಿಗೊಟ್ಟು ನಿಲ್ಲುತ್ತಾರೆ. ಆಮೇಲೆ ಕೆಲಸಕ್ಕೆ ಬಾಗುತ್ತಾರೆ.