ಬುಟ್ಟಿ ತಟ್ಟಿದರೂ ಏಳದ ಚಿಟ್ಟೆ

“ಗುರುಗಳೇ, ಯಾರ ಕಣ್ಣಿಗೂ ಬೀಳದೆ ಬದುಕುವವನಿಗೆ ಭಯವೆಲ್ಲಿಯದು?”

ಕೇಳಿದ ಶಿಷ್ಯ ಒಂಬತ್ತು ವರ್ಷದಿಂದ ಮಠದಲ್ಲಿದ್ದ. ಪಾಠದ ಹೊತ್ತಿಗೆ ಕಂಬದ ಹಿಂದೆ ಕೂರುತ್ತಿದ್ದ. ಎಲ್ಲರೂ ತಲೆಯಾಡಿಸಿದಾಗ ತಾನೂ ಆಡಿಸುತ್ತಿದ್ದ. ಆ ದಿನ ಮುಂದೆ ಕೂತ ಮೂವರು ತಪ್ಪು ಉತ್ತರ ಕೊಟ್ಟು ಚೆನ್ನಾಗಿ ಬೈಸಿಕೊಂಡಿದ್ದರು. ಇವನಿಗೆ ಒಳಗೊಳಗೇ ಹಬ್ಬ. ಆ ಖುಷಿಯಲ್ಲೇ ಮೊದಲ ಸಲ ಬಾಯಿಬಿಟ್ಟಿದ್ದ.

ಗುರುಗಳು ಹೇಳಿದರು:

ಒಂದು ಕಾಡಿನಲ್ಲಿ ಒಂದು ಕಂದು ಚಿಟ್ಟೆ ಇತ್ತು. ಚಿಟ್ಟೆ ಎಂದರೆ ಬಣ್ಣ ಎನ್ನುತ್ತಾರೆ. ಇದಕ್ಕೆ ಆ ಭಾಗ್ಯವಿಲ್ಲ. ರೆಕ್ಕೆ ಮಡಿಸಿ ನೆಲದ ಮೇಲೆ ಕೂತರೆ ಥೇಟು ಒಣಗಿದ ಎಲೆ. ಎಲೆಯ ನರವೂ ಇತ್ತು, ಹುಳ ತಿಂದಂಥ ಚುಕ್ಕೆಯೂ ಇತ್ತು. ಅದು ಗೂಡಿನಿಂದ ಹೊರಬಂದ ದಿನವೇ ಪಕ್ಕದಲ್ಲಿದ್ದ ಇನ್ನೊಂದು ಚಿಟ್ಟೆ ಸದ್ದಿಗೆ ಬೆದರಿ ಹಾರಿತು. ಹಾರಿದ್ದೇ ತಡ, ಹಕ್ಕಿಯ ಕೊಕ್ಕಿನಲ್ಲಿತ್ತು. ಕಂದು ಚಿಟ್ಟೆ ಅಂದೇ ಪಾಠ ಕಲಿತುಬಿಟ್ಟಿತು: ಸದ್ದಾದರೆ ಅಲುಗಬಾರದು.

ಅಲ್ಲಿಂದ ಮುಂದೆ ಹಕ್ಕಿಗೂ ನಾಮ ಹಾಕಿತು, ಓತಿಕ್ಯಾತಕ್ಕೂ ನಾಮ ಹಾಕಿತು. ಒಮ್ಮೆ ಒಂದು ಹಾವುರಾಣಿ ಅದರ ಪಕ್ಕದಲ್ಲೇ ಬಿಸಿಲು ಕಾಯಿಸಿ ಎದ್ದುಹೋಯಿತು.

ಬೇಸಿಗೆ ಮುಗಿಯುತ್ತ ಬಂತು. ಚಿಟ್ಟೆಯ ಹೊಟ್ಟೆ ತುಂಬ ಮೊಟ್ಟೆ. ಹಸಿ ಹುಲ್ಲಿನ ಮೇಲೆ ಇಟ್ಟರೆ ಮಾತ್ರ ಮರಿಹುಳಗಳಿಗೆ ಉಣ್ಣಲು ಸಿಗುತ್ತದೆ. ಹುಲ್ಲು ಚಿಗುರಲು ಒಂದು ಮಳೆ ಬೇಕು. ಮೋಡ ಕಟ್ಟಿತ್ತು. ಇನ್ನು ನಾಲ್ಕೈದು ದಿನ ಬದುಕಿದರೆ ಸಾಕಿತ್ತು.

ಅದೇ ಮೋಡ ನೋಡಿ ಇಬ್ಬರು ಹೆಂಗಸರು, ಅತ್ತಿಗೆ ಮತ್ತು ನಾದಿನಿ, ಕೊಟ್ಟಿಗೆಗೆ ಹಾಸುವ ತರಗೆಲೆ ತರಲು ಬಂದರು. ನೆನೆದರೆ ಎಲೆ ಕೆಲಸಕ್ಕೆ ಬಾರದು. ಗಡಿಬಿಡಿಯಲ್ಲಿ ಗುಡಿಸಿ ಬುಟ್ಟಿಗೆ ತುಂಬಿದರು. ಚಿಟ್ಟೆಯೂ ಒಳಗೆ ಹೋಯಿತು. ಅಲುಗಲಿಲ್ಲ.

ಆ ಕಡೆಯವರಲ್ಲಿ ಒಂದು ಪದ್ಧತಿ. ಬುಟ್ಟಿಗೆ ಇಳಿದು ಎಲೆ ತುಳಿದು ಅದುಮುವ ಮೊದಲು ಕೋಲಿನಿಂದ ಮೂರು ಸಲ ತಟ್ಟುತ್ತಾರೆ. “ಜೀವ ಇದ್ದವರು ಎದ್ದು ಹೋಗಿ” ಎನ್ನುತ್ತಾರೆ. ಒಂದು ಸಲ ಎಲೆಅಡಿಕೆ ಹಾಕುವಷ್ಟು ಹೊತ್ತು ಕಾಯುತ್ತಾರೆ. ಜೀವಕ್ಕೂ ಕ್ಷೇಮ, ತುಳಿಯುವ ಕಾಲಿಗೂ ಕ್ಷೇಮ.

ತಟ್ಟಿದರು. ಒಂದು ಕಪ್ಪೆ ಹಾರಿಹೋಯಿತು. ಒಂದು ಚೇಳು ಬಾಲ ಎತ್ತಿಕೊಂಡು ಹೊರಬಂತು, ಯಾರೂ ಹೊಡೆಯಲಿಲ್ಲ. ಜಿರಲೆಯಂಥ ಜಿರಲೆಯೂ ಮರ್ಯಾದೆಯಿಂದ ಇಳಿದುಹೋಯಿತು.

ಚಿಟ್ಟೆಗೂ ಸದ್ದು ಕೇಳಿತು. ರೆಕ್ಕೆಯನ್ನು ಇನ್ನಷ್ಟು ಬಿಗಿಯಾಗಿ ಮಡಿಸಿತು.

“ತಡಿ ಅತ್ತಿಗೆ. ಆ ಎಲೆಗೆ ಕಾಲಿದ್ದ ಹಾಗಿದೆ,” ಎಂದಳು ನಾದಿನಿ.

“ನಿನಗೆ ಕಾಣದ್ದೇನಿದೆ! ಮೊನ್ನೆ ನಿದ್ದೆ ಮಾಡ್ತಿದ್ದ ಅಜ್ಜಿಗೆ ಉಸಿರಿಲ್ಲ ಅಂತ ಊರು ಸೇರಿಸಿದವಳು ನೀನೇ ಅಲ್ವೇನೇ?”

“ಇನ್ನೊಂದು ಸಲ ತಟ್ಟೋಣ. ಪಾಪ, ಯಾವುದಾದರೂ ಹುಳ ಇದ್ದರೆ?”

ಇನ್ನೊಂದು ಸಲ ತಟ್ಟಿದರು. ನಾದಿನಿ ಬಗ್ಗಿ ಊದಿಯೂ ನೋಡಿದಳು. ಎಲೆ ಎಲೆಯ ಹಾಗೇ ಬಿದ್ದಿತ್ತು.

“ಎಲೆಯೇ ಕಣೇ. ಮಳೆ ಬರುತ್ತೆ, ತುಳಿ.”

ನಾದಿನಿ ಬುಟ್ಟಿಗೆ ಇಳಿದು ತುಳಿದಳು.

ಆ ಸಂಜೆಯೇ ಮಳೆ ಬಿತ್ತು. ನಾಲ್ಕನೆಯ ದಿನ ಕಾಡಿನ ತುಂಬ ಹುಲ್ಲು ಎದ್ದಿತ್ತು.

ಗುರುಗಳು ಅಲ್ಲಿಗೆ ಕಥೆ ಮುಗಿಸಿದರು.

ಶಿಷ್ಯ ನಕ್ಕ. “ದಡ್ಡ ಚಿಟ್ಟೆ ಗುರುಗಳೇ. ಕೊಲ್ಲಲು ಬಂದ ಸದ್ದು ಯಾವುದು, ಉಳಿಸಲು ಕರೆದ ಸದ್ದು ಯಾವುದು ಅಂತ ತಿಳಿಯಬೇಡವೇ? ನಾನಾಗಿದ್ದರೆ ಮೊದಲ ಏಟಿಗೇ ಎದ್ದುಬಿಡುತ್ತಿದ್ದೆ.”

ಗುರುಗಳು ಕಂಬದ ಕಡೆಗೆ ಬಗ್ಗಿ ಅವನ ಮುಖ ನೋಡಿದರು.

“ಆಗಲಪ್ಪ. ಮಠಕ್ಕೆ ಹೊಸಬನೇ ನೀನು? ನಿನ್ನ ಹೆಸರೇನು?”