ದುರುಗಿ ಎಸೆದ ಹಗ್ಗ

ಸರಿಯಾಗಿ ಹೊದ್ಕೋ ಪುಟ್ಟಿ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ದುರುಗಿ ಅಂತ ಒಬ್ಬಳು ದೊಂಬರ ಹುಡುಗಿ ಇದ್ದಳಂತೆ. ಎರಡು ಗಳದ ಮಧ್ಯೆ ಹಗ್ಗ ಕಟ್ಟಿದ್ರೆ ಸಾಕು, ಅದರ ಮೇಲೆ ಅಳಿಲಿನ ಹಂಗೆ ಓಡೋಳಂತೆ. ಒಂದಿನ ಗಳ ಮುರೀತು, ಧಡ್ ಅಂತ ಬಿದ್ದಳು, ಮೊಣಕಾಲ ಕೆಳಗೆ ಮೂಳೆ ಲಟಕ್ ಅಂದು ಕಾಲು ಸೊಟ್ಟಗಾಗಿ ಹೋಯ್ತಂತೆ.

ಆಮೇಲೆ ಅವಳಪ್ಪ ಹಳ್ಳ ದಾಟಿ ಓಡಿಹೋಗಿ, ಆಚೆ ದಡದಲ್ಲಿದ್ದ ಮೂಳೆ ಕಟ್ಟೋ ಬೋರಜ್ಜಿನ ಕರ್ಕೊಂಡು ಬಂದನಂತೆ. ಬೋರಜ್ಜಿ ಕಾಲನ್ನ ಸವರಿ ಸವರಿ ನೋಡಿ, ಮೆಲ್ಲಗೆ ಎಳೆದು ಮೂಳೆ ಕೂಡಿಸಿ, ಉದ್ದಿನಹಿಟ್ಟಿಗೆ ಮೊಟ್ಟೆ ಬಿಳಿ ಕಲಸಿ ಮೆತ್ತಿ, ಬಿದಿರ ದಬ್ಬೆ ಇಟ್ಟು ಕಟ್ಟಿದಳಂತೆ. ನಾನು ಬಂದು ಬಿಚ್ಚೋವರೆಗೂ ಈ ಕಾಲು ನೆಲಕ್ಕೆ ಊರಬೇಡ ಮಗಳೇ, ಊರಿದ್ರೆ ಮೂಳೆ ಜಾರುತ್ತೆ, ಹಗ್ಗ ಮರ್ತುಬಿಡು ಅಂದಳಂತೆ.

ಮಲಗಿದ್ದಾಳೆ ದುರುಗಿ, ಹೊರಗೆ ಆಟದ ಡೋಲು ಶುರುವಾಯ್ತು! ಅಂಗಾಲು ಜುಮ್ಮ್ ಅಂತು. ಕೌದಿ ಕಚ್ಕೊಂಡು ಬಿದ್ದಿದ್ದಳು, ಏಳಲಿಲ್ಲವಂತೆ. ಆಮೇಲೆ ಅರಮನೆಯವರು ಬಂದರು, ರಾಣಿಯಮ್ಮ ನಿನ್ನಾಟ ನೋಡ್ಬೇಕಂತೆ, ಚಿನ್ನದ ಬಳೆ ಕೊಡ್ತಾರಂತೆ ಅಂದರು. ಕಾಲು ಕೂಡ್ಲಿ, ಬರ್ತೀನಿ ಅಂದಳು ದುರುಗಿ. ಅವಳಕ್ಕ ಹೋಗಿ ಆಡಿ ಬಳೆ ತೊಟ್ಕೊಂಡು ಬಂದಾಗ ಮಾತ್ರ ಗೋಡೆ ಕಡೆ ತಿರುಗಿ ಅತ್ತಳಂತೆ ಪಾಪ.

ಡೋಲು ಒಂದು, ಬಳೆ ಎರಡು, ಮೂರನೇದು ಕೇಳು, ಮಲಗಿಬಿಟ್ಟೀಯ! ಕಟ್ಟು ಬಿಚ್ಚೋ ದಿನ ಬಂತು. ಮನೆಯವರೆಲ್ಲ ಸಂತೆಗೆ ಹೋಗಿದ್ದರು. ಬೋರಜ್ಜಿ ಹಳ್ಳಕ್ಕಿಳಿದು ನಡುವಿಗೆ ಬಂದಿದ್ದಾಳೆ, ಎಲ್ಲೋ ಮೇಲೆ ಮಳೆ ಸುರಿದು ಕೆಂಪು ನೀರು ಭೋರಂತ ನುಗ್ಗಿತು! ಅಜ್ಜಿ ಒಂದು ಬಂಡೆ ತಬ್ಕೊಂಡು, ಯಾರಾದ್ರೂ ಬರ್ರಪ್ಪೋ ಅಂತ ಕೂಗಿದಳಂತೆ. ಆ ಕೂಗು ದುರುಗಿಗೆ ಕೇಳಿಸ್ತು. ಎದ್ದು ಓಡಿದ್ರೆ ಅರ್ಧ ದಾರಿಲೇ ಬೀಳ್ತೀನಿ, ಆಗ ಅಜ್ಜಿಗ್ಯಾರು ಅಂದ್ಕೊಂಡಳು. ಆಟದ ಹಗ್ಗ ಹೆಗಲಿಗೆ ಹಾಕ್ಕೊಂಡಳು, ಕಟ್ಟಿದ ಕಾಲನ್ನ ಮೇಲಕ್ಕೆತ್ತಿ ಹಿಡ್ಕೊಂಡಳು, ಕೂತಲ್ಲೇ ಸರ್ರ್ ಸರ್ರ್ ಅಂತ ತೆವಳ್ತಾ ತೆವಳ್ತಾ ದಡಕ್ಕೆ ಬಂದಳಂತೆ! ಹಗ್ಗದ ಒಂದು ತುದಿ ಹೊಂಗೆ ಮರಕ್ಕೆ ಬಿಗಿದು ಇನ್ನೊಂದು ಎಸೆದಳು, ನೀರಿಗೆ ಬಿತ್ತು. ಮತ್ತೆ ಎಸೆದಳು, ಬಂಡೆ ಮುಟ್ಟಿ ಜಾರ್ತು. ಆಮೇಲೆ ತುದಿಗೆ ಕಲ್ಲು ಕಟ್ಟಿ ಗಿರಗಿರ ತಿರುಗಿಸಿ ಎಸೆದಳು ನೋಡು, ಅಜ್ಜಿ ಗಬಕ್ಕನೆ ಹಿಡ್ಕೊಂಡು ಸೊಂಟಕ್ಕೆ ಸುತ್ಕೊಂಡಳು! ದುರುಗಿ ಚೆನ್ನಾಗಿದ್ದ ಕಾಲನ್ನ ಬೇರಿಗೆ ಒದ್ಕೊಂಡು ಎಳೆದಳು, ಎಳೆದಳು, ಅಂಗೈ ಸುಲಿದು ರಕ್ತ ಬಂದರೂ ಬಿಡಲಿಲ್ಲವಂತೆ.

ದಡ ಹತ್ತಿದ ಬೋರಜ್ಜಿ ಕೆಮ್ತಾ ಕೆಮ್ತಾ ಮೊದಲು ಕೇಳಿದ್ದೇ, "ಕಾಲು ಊರಿದೆಯೇನೇ?"

"ಇಲ್ಲಜ್ಜೀ, ಕುಂಡಿ ಮೇಲೆ ಬಂದೆ."

ನಗ್ತೀಯಾ? ಅಜ್ಜಿನೂ ನಕ್ಕು ನಕ್ಕು ಅತ್ತಳಂತೆ. ಅಲ್ಲೇ ಕೂತು ಕಟ್ಟು ಬಿಚ್ಚಿದರೆ ಕಾಲು ನೆಟ್ಟಗಿತ್ತು, ಕಡ್ಡಿ ಥರ ಸಣ್ಣಗಾಗಿತ್ತಷ್ಟೆ. ಆಮೇಲೆ ದುರುಗಿ ಅಜ್ಜಿ ಹೆಗಲು ಹಿಡ್ಕೊಂಡು ಕೂಸಿನ ಹಂಗೆ ನಡೆಯೋದು ಕಲಿತಳು, ದಿನಾ ಎಣ್ಣೆ ಹಚ್ಚಿಸ್ಕೊಂಡು ನೀವಿಸ್ಕೊಂಡಳು, ಒಂದಿನ ಹಗ್ಗನೂ ಹತ್ತಿದಳು. ಕೆಳಗೆ ಬೋರಜ್ಜಿ ಎದೆ ಮೇಲೆ ಕೈಯಿಟ್ಕೊಂಡು ನಿಂತಿದ್ದಳಂತೆ. ದುರುಗಿ ಈ ಗಳದಿಂದ ಆ ಗಳಕ್ಕೆ ಓಡಿ, ತಿರುಗಿ ನೋಡಿ ನಕ್ಕಳಂತೆ.

ಅವಳು ಹಗ್ಗದ ಕೊನೆ ಮುಟ್ಟಿದಳು, ನಮ್ಮ ಕತೆನೂ ಮುಗೀತು, ಇನ್ನು ನೀನು ಕಣ್ಮುಚ್ಚು ನನ್ನ ಬಂಗಾರಿ.