ಹಗ್ಗ ಹೊಸೆಯುವವರ ಜಾಗ

"ಯಾರಿಗೂ ಸ್ವಂತ ಜಾಗವಿಲ್ಲ ಎಂದ ಮೇಲೂ ಜಾಗಕ್ಕೆ ಜಗಳ ಏಕೆ, ಗುರುಗಳೇ?" ಎಂದು ವೃಷಭೇಂದ್ರ ಕೇಳಿದ.

ಅವನು ಪಟ್ಟಣದ ಒಂದು ಕಚೇರಿಯ ಮುಖ್ಯಸ್ಥ. ಅಲ್ಲಿ ಯಾವ ಮೇಜೂ ಯಾರದ್ದೂ ಅಲ್ಲ. ಬಂದವರು ಖಾಲಿ ಇದ್ದಲ್ಲಿ ಕೂರಬೇಕು. ಆ ನಿಯಮ ಮಾಡಿದವನು ಅವನೇ. ಈಗ ನಕ್ಷೆ ಬಿಡಿಸುವ ತಂಡದವರು, ಒಟ್ಟಿಗೆ ಕೂರಲು ಒಂದು ಉದ್ದ ಮೇಜು ಹಾಕಿಸಿಕೊಡಿ, ಇಲ್ಲವಾದರೆ ಕೆಲಸ ಬಿಡುತ್ತೇವೆ ಎಂದಿದ್ದರು. ಅವರು ಹೋದರೆ ಕಚೇರಿಯೇ ಕುಂಟುತ್ತದೆ.

"ಇಡೀ ಮಹಡಿ ಅಳೆದೆ. ಆ ಮೇಜಿಗೆ ಜಾಗವಿಲ್ಲ," ಎಂದ.

ಗುರುಗಳು ಹೇಳಿದರು:

ಒಬ್ಬ ವರ್ತಕನಿಗೆ ಉದ್ದನೆಯ ಪಡಸಾಲೆಯಿತ್ತು. ಅಲ್ಲಿ ದರ್ಜಿಗಳು, ಬುಟ್ಟಿ ಹೆಣೆಯುವವರು, ಹಗ್ಗ ಹೊಸೆಯುವವರು ಅವನಿಗಾಗಿ ದುಡಿಯುತ್ತಿದ್ದರು. ಎಲ್ಲರೂ ದಿನವೂ ಬರುವವರಲ್ಲ. ಹಾಗಾಗಿ ವರ್ತಕ, ಖಾಲಿ ಇದ್ದಲ್ಲಿ ಕೂತು ಕೆಲಸ ಮಾಡಿ ಎಂದ. ಕೆಲವು ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ಒಬ್ಬ ದರ್ಜಿ ಬೆಳಕಿರುವ ಕಿಟಕಿಯ ಕೆಳಗೆ ಟವೆಲ್ ಹಾಸಿ ಊಟಕ್ಕೆ ಹೋದ. ಮರುದಿನ ಬುಟ್ಟಿಯವರೂ ಹಾಸಿದರು. ತಂಡಕ್ಕೆ ಒಂದೇ ಟವೆಲ್ ಎಂದು ವರ್ತಕ ಕಟ್ಟಪ್ಪಣೆ ಮಾಡಿದ. ದರ್ಜಿಗಳು ಇದ್ದಬದ್ದ ಟವೆಲ್‌ಗಳನ್ನೆಲ್ಲ ಸೇರಿಸಿ ಒಂದೇ ಟವೆಲ್ ಮಾಡಿ ಹೊಲಿದರು.

ವೃಷಭೇಂದ್ರನಿಗೆ ನಗು ಬಂತು. ನಮ್ಮಲ್ಲಿ ಕುರ್ಚಿಗೆ ಸ್ವೆಟರ್ ಹಾಕಿ ಹೋಗುತ್ತಾರೆ ಎಂದುಕೊಂಡ.

ಹಗ್ಗದವರು ಎಳೆ ಹಿಡಿದು ಹಿಂದೆ ಹಿಂದೆ ನಡೆಯುತ್ತ ಹೊಸೆಯಬೇಕು. ಎಷ್ಟು ದೂರ ನಡೆದರೆ ಅಷ್ಟು ಉದ್ದ ಹಗ್ಗ. ಅವರಿಗೆ ದಾರಿಯೇ ಉಳಿಯಲಿಲ್ಲ. ತುಂಡು ತುಂಡು ಹೊಸೆದು ಗಂಟು ಹಾಕಿ ಕೊಟ್ಟರು. ಬಾವಿಯ ರಾಟೆಗಳಲ್ಲಿ ಗಂಟು ಸಿಕ್ಕಿಕೊಂಡಿತು. ಕೊಂಡವರು ಬಂದು ವರ್ತಕನಿಗೆ ಬೈದು ಹೋದರು.

ವರ್ತಕ ಟವೆಲ್‌ಗಳನ್ನೆಲ್ಲ ಎಳೆದು ಹೊರಗೆಸೆದ. "ಈಗ ನಡೀರಪ್ಪ, ಎಷ್ಟು ಬೇಕೋ ಅಷ್ಟು," ಎಂದ. ಹಗ್ಗದವರು ಅರ್ಧ ಪಡಸಾಲೆ ನಡೆದು ನಿಂತುಬಿಟ್ಟರು.

"ಏಕೆ ನಿಂತರು?" ವೃಷಭೇಂದ್ರ ಮುಂದಕ್ಕೆ ಬಾಗಿ ಕೇಳಿದ.

"ನಡುವೆ ವರ್ತಕನ ಗಾದಿ ಇತ್ತು. ಸುತ್ತ ಮರದ ಕಟಕಟೆ ಬೇರೆ. ಅವನು ಅಲ್ಲಿ ಕೂರುತ್ತಿದ್ದುದು ಹಬ್ಬಕ್ಕೊಮ್ಮೆ."

"ಎಂಥ ಮನುಷ್ಯ, ಗುರುಗಳೇ. ಊರವರ ಟವೆಲ್ ಕಂಡವನಿಗೆ ತನ್ನ ಗಾದಿ ಕಾಣಲಿಲ್ಲವೆ?"

ಗುರುಗಳು ಅವನನ್ನೇ ನೋಡಿದರು.

"ಮಹಡಿ ಅಳೆದೆ ಎಂದೆಯಲ್ಲ, ನಿನ್ನ ಕೋಣೆಯನ್ನೂ ಅಳೆದೆಯಾ?"